ತುಕ್ಕು ತಿಂದ ಹೆರಾಲ್ಡ್‌ನಿಂದ ಹಿತ್ತಲಲ್ಲಿ ಕಟ್ಟಿದ ಹಾಟ್ ರಾಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ನಮ್ಮ ಮನೆ ಹಿತ್ತಲಿನ ಪತ್ರಾಸ್ ಶೆಡ್ಡಿನಲ್ಲಿ ಬಾನೆಟ್ ಇಲ್ಲದ ಒಂದು ಹಳೇ ಹೆರಾಲ್ಡ್ ಕಾರು ನಿಂತಿದೆ. ಅದನ್ನು ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಚಹಾದಂಗಡಿಯಲ್ಲಿ ಕೇಳಿದ್ದು, ಪತ್ರದಲ್ಲಿ ಬರೆದದ್ದು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ನಾನು ಎಂಜಿನಿಯರ್ ಅಲ್ಲ, ಗ್ಯಾರೇಜಿನವನೂ ಅಲ್ಲ. ವಾರವೆಲ್ಲ ಲೆಕ್ಕಪತ್ರ ನೋಡಿ, ಭಾನುವಾರ ಕೈ ಮಸಿ ಮಾಡಿಕೊಳ್ಳುವವನು.

## ಮೊದಲು ಕೇಳುವವು

"ಹಾಟ್ ರಾಡ್ ಅಂದ್ರ ಏನ್ರಿ? ಮಾಡಿಫೈ ಮಾಡಿದ ಗಾಡಿನ ಹೌದಲ್ಲೋ?"

ಹೌದು, ಆದರೆ ಎಲ್ಲ ಮಾಡಿಫೈ ಗಾಡಿಯೂ ಹಾಟ್ ರಾಡ್ ಅಲ್ಲ. ಈ ಹುಚ್ಚು ಶುರುವಾದದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, 1930ರ ದಶಕದಲ್ಲಿ. ಅಲ್ಲಿ ಮ್ಯುರಾಕ್, ಎಲ್ ಮಿರಾಜ್ ಅಂತ ಒಣಗಿದ ಕೆರೆಗಳಿವೆ. ನೆಲ ರೊಟ್ಟಿ ತಟ್ಟುವ ಕಲ್ಲಿನ ಹಾಗೆ ಸಪಾಟು. ಕೈಯಲ್ಲಿ ದುಡ್ಡಿಲ್ಲದ ಹುಡುಗರು ಗುಜರಿಯಿಂದ ಹಳೇ ಫೋರ್ಡ್ ತಂದು, ಮಡ್‌ಗಾರ್ಡು, ಬಾನೆಟ್ಟು, ಬಂಪರು ಬಿಚ್ಚಿ ಎಸೆದು, ತೂಕ ಇಳಿಸಿ, ಅಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ8 (ಎಂಟು ಸಿಲಿಂಡರಿನ) ಇಂಜಿನ್ನನ್ನು ಸಾಮಾನ್ಯ ಜನ ಕೊಳ್ಳುವ ಬೆಲೆಯ ಕಾರಿಗೆ ಹಾಕಿತು. ಆಮೇಲೆ ಈ ಹುಡುಗರನ್ನು ಹಿಡಿಯುವವರೇ ಇರಲಿಲ್ಲ.

ಸೇರಿಸುವುದಕ್ಕಿಂತ ಕಳೆಯುವುದು ಜಾಸ್ತಿ, ಅದೇ ಹಾಟ್ ರಾಡ್. ಸ್ಪಾಯ್ಲರ್ ಅಂಟಿಸಿ, ನೀಲಿ ಲೈಟು ಹಾಕಿ, ಸೈಲೆನ್ಸರ್ ತೂತು ಮಾಡಿದರೆ ಅದು ಬೇರೆ ಜಾತಿ.

"ಇದು ಯಾವ ಗಾಡಿರಿ? ಮುಂದ ಟ್ರ್ಯಾಕ್ಟರ್ ಕಂಡಂಗ ಕಾಣತೈತಿ."

ಮುಂದಿನ ಜಾಲರಿ ಟ್ರ್ಯಾಕ್ಟರಿನದೇ. ನವಲಗುಂದದ ಕಡೆಯಿಂದ ಗುಜರಿಗೆ ಬಂದದ್ದು. ಉಳಿದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಇಂಗ್ಲೆಂಡಿನಲ್ಲಿ ಇದೇ ಗಾಡಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂತು. ಆಕಾರ ಕೊಟ್ಟವನು ಇಟಲಿಯ ಜೊವಾನ್ನಿ ಮಿಕೆಲೋಟಿ. ನಮ್ಮಲ್ಲಿ 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ತಯಾರಿಸಿತು. ಮೊದಲು ಬಂದದ್ದು 948 ಸಿಸಿ ಇಂಜಿನ್.

ಹೆರಾಲ್ಡ್‌ನ ಬಾನೆಟ್ಟು, ಮುಂದಿನ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಒಂದೇ ತುಂಡು. ಮೊಸಳೆ ಬಾಯಿ ತೆರೆದ ಹಾಗೆ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ. ನನಗೆ ಸಿಕ್ಕ ಗಾಡಿಯಲ್ಲಿ ಅದೇ ಇರಲಿಲ್ಲ. ಬಾನೆಟ್ ಹೋಯಿತು ಅಂದರೆ ಅರ್ಧ ಗಾಡಿಯೇ ಹೋದಂತೆ. ಎರಡು ವರ್ಷ ಹುಡುಕಿದೆ, ಸಿಗಲಿಲ್ಲ. ಹಾಗಾಗಿ ಹಾಟ್ ರಾಡ್ ಮಾಡಿದ್ದು ಶೋಕಿಗಲ್ಲ, ಬೇರೆ ದಾರಿ ಇರಲಿಲ್ಲ. ಹೆಡ್‌ಲೈಟು ಹಳೇ ಲಾರಿಯದು.

"ಇಂಥವು ನಮ್ಮ ಕಡೆ ಎಲ್ಲಿ ಸಿಗ್ತಾವ್ರಿ?"

ವ್ಯಾಪಾರ ಜೋರಾಗಿದ್ದ ಊರುಗಳಲ್ಲಿ. ಹುಬ್ಬಳ್ಳಿ, ಗದಗದ ಹತ್ತಿ ವ್ಯಾಪಾರಸ್ಥರು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು ಹಿಂದೆ ಕಾರು ಇಟ್ಟವರು. ಅಜ್ಜ ತೀರಿಕೊಂಡ ಮೇಲೆ ಮನೆ ಪಾಲಾಗುತ್ತದೆ, ಕಾರು ಯಾರ ಪಾಲಿಗೂ ಬೇಡವಾಗಿ ಗೋದಾಮಿನಲ್ಲಿ ಕೂರುತ್ತದೆ. ನನ್ನದು ಬ್ಯಾಡಗಿಯ ಗೋದಾಮಿನಲ್ಲೇ ಸಿಕ್ಕಿತು, ಮೆಣಸಿನಕಾಯಿ ಚೀಲಗಳ ಹಿಂದೆ. ಮೂರು ವರ್ಷ ಆದ ಮೇಲೂ ಹಿಂದಿನ ಸೀಟಿನ ಕೆಳಗೆ ಗ್ರೈಂಡರ್ ಹಿಡಿದರೆ ಸಂದಿಯಿಂದ ಕೆಂಪು ಪುಡಿ ಹಾರುತ್ತಿತ್ತು. ನಾನು, ಮಿಸ್ತ್ರಿ, ನಾಯಿ, ಮೂವರೂ ಸೀನುತ್ತಿದ್ದೆವು.

ಗುಜರಿಯವರ ಪರಿಚಯ ಇಟ್ಟುಕೊಳ್ಳಿ. ಆದರೆ ಅವರು ಫೋನ್ ಮಾಡುವಷ್ಟರಲ್ಲಿ ಅರ್ಧ ಗಾಡಿ ಕಟಿಂಗ್ ಆಗಿರುತ್ತದೆ. ಅದಕ್ಕಿಂತ ಹಳೇ ಡ್ರೈವರುಗಳನ್ನು ಕೇಳಿ. ಯಾವ ಸಾಹುಕಾರರ ಮನೆಯಲ್ಲಿ ಯಾವ ಗಾಡಿ ಇತ್ತು, ಯಾವಾಗ ನಿಂತಿತು, ಎಲ್ಲ ಅವರಿಗೆ ಬಾಯಿಪಾಠ.

"ಮನ್ಯಾಗ ಅಜ್ಜಂದು ಫಿಯೆಟ್ ಐತಿ. ಅದನ್ನ ಹಿಂಗ ಮಾಡಬಹುದಾ?"

ಮಾಡಬೇಡಿ. ಫಿಯೆಟ್ 1100, ಪ್ರೀಮಿಯರ್ ಪದ್ಮಿನಿ, ಅಂಬಾಸಡರ್ ಇವಕ್ಕೆಲ್ಲ ಬೇರೆ ಚಾಸಿ, ಅಂದರೆ ಭಾರ ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬ, ಛಾವಣಿ ಎಲ್ಲ ಒಂದಕ್ಕೊಂದು ಬೆಸೆದು ಭಾರ ಹೊರುತ್ತವೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆ ಬಗ್ಗುತ್ತದೆ. ಬಾಗಿಲು ಹಾಕಲು ಬರುತ್ತಿಲ್ಲ ಅಂದಾಗ ಗೊತ್ತಾಗುತ್ತದೆ, ಅಷ್ಟೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಕೆಳಗೆ ಏಣಿಯಂಥ ಚಾಸಿ, ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ, ಇಂಥ ಗಾಡಿ ನೋಡಿ. ವಿಲ್ಲೀಸ್ ನಮೂನೆಯ ಜೀಪು ಎಲ್ಲಕ್ಕಿಂತ ಸುಲಭ. ಬಿಡಿಭಾಗ ಇಂದಿಗೂ ಸಿಗುತ್ತವೆ. ಹೆರಾಲ್ಡ್‌ಗೂ ಬೇರೆ ಚಾಸಿ ಇದೆ, ಆದರೆ ಬಿಡಿಭಾಗಕ್ಕೆ ಅಲೆದಾಟ.

ಅಜ್ಜನ ಫಿಯೆಟ್ ಸುಮ್ನೆ ಸರಿಮಾಡಿ, ಅಜ್ಜ ಓಡಿಸಿದ ಹಾಗೇ ಓಡಿಸಿ.

"ಹಳೇ ಗಾಡಿ ಕೊಯ್ದು ಹಾಳು ಮಾಡುವುದು ತಪ್ಪಲ್ಲವೇ?"

ಧಾರವಾಡದಿಂದ ಒಬ್ಬ ನಿವೃತ್ತ ಮೇಷ್ಟ್ರು ಹೀಗೆ ಬರೆದಿದ್ದರು. ಪತ್ರದಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಅವರ ಮಾತು ಮುಕ್ಕಾಲು ಪಾಲು ಸರಿ. ಎಲ್ಲ ಭಾಗ ಇರುವ, ಇಂಜಿನ್ ನಂಬರು ಚಾಸಿ ನಂಬರು ತಾಳೆಯಾಗುವ ಗಾಡಿಗೆ ಗ್ರೈಂಡರ್ ಹಚ್ಚುವುದನ್ನು ನಾನೂ ಒಪ್ಪುವುದಿಲ್ಲ. ಅಂಥದ್ದು ಸಿಕ್ಕರೆ ಇದ್ದ ಹಾಗೇ ಉಳಿಸಿ, ಇಲ್ಲವೇ ಉಳಿಸುವವರಿಗೆ ಕೊಡಿ. ನನ್ನದಕ್ಕೆ ಬಾನೆಟ್ ಇರಲಿಲ್ಲ, ಕ್ರ್ಯಾಂಕ್ ಇರಲಿಲ್ಲ, ನೆಲವೂ ಇರಲಿಲ್ಲ. ಕಿಲೋ ಲೆಕ್ಕದಲ್ಲಿ ಹೋಗುತ್ತಿದ್ದುದನ್ನು ನಿಲ್ಲಿಸಿದೆ. ಬಿಚ್ಚಿದ ಮೂಲ ಭಾಗಗಳೆಲ್ಲ ಗೋಣಿಚೀಲದಲ್ಲಿ ಚೀಟಿ ಬರೆದು ಇಟ್ಟಿವೆ.

"ಎಷ್ಟ್ ಖರ್ಚ್ ಬಂತ್ರಿ? ಖರೇ ಹೇಳ್ರಿ."

ಗಾಡಿಗೆ ಕೊಟ್ಟದ್ದು 22,000 ರೂಪಾಯಿ. ಅದರ ಮೇಲೆ ಆದದ್ದು ನಾಲ್ಕು ಲಕ್ಷ ಚಿಲ್ಲರೆ, ಮೂರೂವರೆ ವರ್ಷದಲ್ಲಿ. ಇಂಜಿನ್ನಿಗೆ ಹೋದದ್ದು ಕಾಲು ಭಾಗವೂ ಇಲ್ಲ. ತಗಡು, ವೆಲ್ಡಿಂಗ್ ಮತ್ತು ಒಂದೇ ಕೆಲಸವನ್ನು ಎರಡು ಸಲ ಮಾಡಿಸಿದ್ದಕ್ಕೆ ಜಾಸ್ತಿ ಹೋಯಿತು. ಮನೆಯಲ್ಲಿ ಎಷ್ಟು ಹೇಳಿದ್ದೇನೆ ಅಂತ ಕೇಳಬೇಡಿ.

## ಕಾಗದಪತ್ರ

"ರೋಡ್ ಮ್ಯಾಲೆ ಓಡಸಬಹುದೇನ್ರಿ? ಪೊಲೀಸ್ರು ಹಿಡಿಯೂದಿಲ್ಲಾ?"

ಹಿಡಿಯುತ್ತಾರೆ, ಹಿಡಿಯಲೂಬೇಕು. ಇದನ್ನು ಗ್ರೈಂಡರ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಮೊದಲು ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. ಆರ್‌ಟಿಒ ಹತ್ತಿರ ಅನುಮತಿ ತಂದು ಬಿಡುತ್ತೇನೆ ಅಂದರೆ ಅದೂ ಸುಲಭವಲ್ಲ. ಕಂಪನಿಯ ಮೂಲ ವಿವರ ಮೀರಿದ ಬದಲಾವಣೆ ನಡೆಯದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಮಾಲೀಕ ಹೀಗೆ ಗಾಡಿ ಬದಲಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ನನ್ನ ಗಾಡಿಯಲ್ಲಿರುವ ಬದಲಾವಣೆ ಎಣಿಸಲು ಕೂತರೆ ಸಬ್ ಇನ್ಸ್‌ಪೆಕ್ಟರ್ ಪೆನ್ನಿನ ಶಾಯಿ ಖಾಲಿಯಾಗುತ್ತದೆ.

"ವಿಂಟೇಜ್ ನಂಬರ್ ತಗೊಂಡ್ರ ಆತಲ್ಲ" ಅನ್ನುವವರಿದ್ದಾರೆ. 2021ರ ಜುಲೈನಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ 'ವಿಎ' ಸರಣಿಯ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಮರು ನೋಂದಣಿಗೆ 5,000. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಬದಲಿಸಿದ್ದು ಅದರಲ್ಲಿ ಬರುವುದಿಲ್ಲ. ಅಂಥ ನಂಬರು ಸಿಕ್ಕ ಗಾಡಿಯನ್ನೂ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲಿಗೆ ಒಯ್ಯಬಹುದು ಅಷ್ಟೇ, ದಿನಾ ಆಫೀಸಿಗೆ ಓಡಿಸುವಂತಿಲ್ಲ.

ಹಾಗಾಗಿ ನನ್ನದು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. ಕುಂದಗೋಳದ ಹತ್ತಿರ ನಮ್ಮ ಹೊಲ ಇದೆ. ಅಲ್ಲಿಗೆ ಟೆಂಪೋದ ಮೇಲೆ ಹೋಗುತ್ತದೆ, ಒಳಗಿನ ದಾರಿಯಲ್ಲಿ ಓಡುತ್ತದೆ, ಟೆಂಪೋದ ಮೇಲೇ ವಾಪಸ್ ಬರುತ್ತದೆ. ಇದು ನಗೆಪಾಟಲು ಅನಿಸಿದರೆ ಈ ಹವ್ಯಾಸ ನಿಮಗಲ್ಲ. ರಸ್ತೆಯಲ್ಲೇ ಓಡಿಸಬೇಕು ಅಂತಿದ್ದರೆ ಚಾಸಿ, ಬಾಡಿ, ಇಂಜಿನ್ ಮುಟ್ಟದೆ ಮೂಲಕ್ಕೆ ಸರಿಯಾಗಿ ದುರಸ್ತಿ ಮಾಡಿ.

"ಆರ್‌ಸಿ ಇಲ್ಲ, ಅದಕ್ಕೇ ಅಗ್ಗ. ತಗೊಳ್ಳಲಾ?"

ಬೇಡ. ಗಾಡಿ ಹೊಲ ಬಿಟ್ಟು ಹೋಗದಿದ್ದರೂ ಅದು ನಿಮ್ಮದು ಅನ್ನುವುದಕ್ಕೆ ಕಾಗದ ಬೇಕು. ಚಾಸಿ ಪಟ್ಟಿಯ ಮೇಲಿನ ನಂಬರು ತಂತಿ ಬ್ರಷ್‌ನಿಂದ ಉಜ್ಜಿ, ಆರ್‌ಸಿ ಪುಸ್ತಕದ ಜೊತೆ ನೀವೇ ಓದಿ ನೋಡಿ. ವಾರಸುದಾರರು ನಾಲ್ಕು ಜನ ಇದ್ದರೆ ನಾಲ್ವರ ಸಹಿಯೂ ಬೇಕು. ಮೂವರ ಸಹಿ ಸಿಕ್ಕು ನಾಲ್ಕನೆಯವರಿಗಾಗಿ ರಾಣೆಬೆನ್ನೂರಿಗೆ ಐದು ಸಲ ಹೋದವನು ನಾನು.

## ತುಕ್ಕು

"ಜಂಗ್ ಎಷ್ಟ್ ತಿಂದೈತಿ ಅಂತ ಹೆಂಗ್ ಗೊತ್ತಾಗತೈತಿ?"

ಸ್ಕ್ರೂಡ್ರೈವರ್ ಹಿಡಿದು ಚುಚ್ಚಿ. ಮಾರುವವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಮೇಲೆ ಕಾಣುವ ಕೆಂಪು ಪುಡಿಗೆ ಹೆದರಬೇಡಿ. ಉಜ್ಜಿದರೆ ಹೋಗುತ್ತದೆ. ಪದರ ಪದರವಾಗಿ ಏಳುವ ತುಕ್ಕು ಕೆಟ್ಟದ್ದು. ಎಲ್ಲಕ್ಕಿಂತ ಕೆಟ್ಟದ್ದು ಹೊರಗೆ ಬಣ್ಣ ಚೆನ್ನಾಗಿದ್ದು ಒಳಗಿಂದ ತಿಂದದ್ದು. ನೀರು ನಿಲ್ಲುವ ಕಡೆ ನೋಡಿ: ಕಾಲಿಡುವ ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯ ಮೂಲೆ, ಸ್ಪ್ರಿಂಗ್ ಕಚ್ಚಿಕೊಂಡಿರುವ ಜಾಗ. ನಮ್ಮ ಎರಿ ಮಣ್ಣು ಇನ್ನೊಂದು ಶತ್ರು. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡರೆ ಹಸಿಯನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತು ತಿಂಗಳಾದರೂ ಒಳಗೆ ಒದ್ದೆ.

ಹೆರಾಲ್ಡ್ ಆದರೆ ಚಾಸಿಯಿಂದ ಪಕ್ಕಕ್ಕೆ ಚಾಚಿರುವ ತೋಳುಗಳನ್ನು ಮೊದಲು ನೋಡಿ. ಬ್ಯಾಡಗಿಯಲ್ಲಿ ನಾನು ಮಲಗಿಕೊಂಡು ಎಡಗಡೆಯ ತೋಳಿಗೆ ಸ್ಕ್ರೂಡ್ರೈವರ್ ತಾಗಿಸಿದೆ. ಒತ್ತಲಿಲ್ಲ, ತಾಗಿಸಿದೆ ಅಷ್ಟೇ. ಹಪ್ಪಳ ಮುರಿದ ಸದ್ದು. ಹಿಡಿಕೆವರೆಗೆ ಒಳಗೆ ಹೋಯಿತು, ಎಳೆದಾಗ ಒಂದು ಮುಷ್ಟಿ ಚಕ್ಕೆ ಎದೆಯ ಮೇಲೆ ಸುರಿಯಿತು. ಅಲ್ಲಿಯೇ 8,000 ಬೆಲೆ ಇಳಿಯಿತು.

"ತುಕ್ಕು ತೆಗೆಯೋಕೆ ಆಸಿಡ್ ಹಾಕ್ಬೇಕಾ?"

ಬಾತ್‌ರೂಮ್ ತೊಳೆಯುವ ಆಸಿಡ್ ಬೇಡವೇ ಬೇಡ. ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಸಂದಿಯಲ್ಲಿ ಉಳಿದ ಹನಿ ವರ್ಷವಿಡೀ ತಿನ್ನುತ್ತಲೇ ಇರುತ್ತದೆ.

ಚಿಕ್ಕ ಭಾಗಗಳಿಗೆ ನಾನು ಎರಡು ದಾರಿ ಹಿಡಿದೆ. ಒಂದು ಕಾಕಂಬಿ. ದನದ ಮೇವಿಗೆ ಬೆರೆಸುವ ಅದೇ ಕಪ್ಪು ಪಾಕ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಳುಗಿಸಿ ಎರಡು ವಾರ ಮರೆತುಬಿಡಿ. ತುಕ್ಕು ಮಾತ್ರ ಬಿಡುತ್ತದೆ, ಕಬ್ಬಿಣ ಉಳಿಯುತ್ತದೆ. ವಾಸನೆ ಮಾತ್ರ ಓಣಿಗೆಲ್ಲ ಗೊತ್ತಾಗುತ್ತದೆ. ಅಲ್ಯೂಮಿನಿಯಂ, ಜಿಂಕ್ ಎರಕದ ಭಾಗ ಇದರಲ್ಲಿ ಹಾಕಬೇಡಿ, ಕರಗಿಹೋಗುತ್ತವೆ.

ಇನ್ನೊಂದು ಕರೆಂಟು. ಹತ್ತು ಲೀಟರ್ ನೀರಿಗೆ ನಾಲ್ಕೈದು ದೊಡ್ಡ ಚಮಚ ವಾಷಿಂಗ್ ಸೋಡಾ. ಹಳೇ ನಮೂನೆಯ 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ತುಕ್ಕಿನ ಭಾಗಕ್ಕೆ, ಪಾಸಿಟಿವ್ ಒಂದು ಬೇಡದ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಉಲ್ಟಾ ಕೊಟ್ಟರೆ ನಿಮ್ಮ ಭಾಗವೇ ಕರಗುತ್ತದೆ. ಪಾಸಿಟಿವ್‌ಗೆ ಸ್ಟೀಲ್ ತಟ್ಟೆ, ಸ್ಟೀಲ್ ಚಮಚ ಕಟ್ಟಬೇಡಿ, ಅದರಲ್ಲಿನ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್. ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಬೇಡ. ಸ್ಪ್ರಿಂಗನ್ನು ಈ ನೀರಿಗೆ ಹಾಕಬಾರದು, ಆಮೇಲೆ ಭಾರ ಬಿದ್ದಾಗ ಪಟ್ ಅಂತ ಮುರಿಯಬಹುದು.

ಎರಡರಲ್ಲಿ ಯಾವುದೇ ಆದರೂ ಹೊರತೆಗೆದ ಕೂಡಲೇ ತೊಳೆದು, ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ಜುಲೈ ತಿಂಗಳಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಾಗಿರುತ್ತದೆ.

"ಬೋಲ್ಟ್ ಬಿಚ್ಚಾಕ ಬರವಲ್ದು. ಪಾನಾಕ್ಕ ಪೈಪ್ ಹಾಕಿ ತಿರುವಲೇನು?"

ತಿರುವಿದರೆ ತಲೆ ಕೈಗೆ ಬರುತ್ತದೆ, ಬೋಲ್ಟು ಒಳಗೇ ಉಳಿಯುತ್ತದೆ. ಮೂರು ದಿನ ಬೆಳಿಗ್ಗೆ ಸಂಜೆ ಡೀಸೆಲ್ ಹನಿಸಿ. ಸುತ್ತಿಗೆಯಿಂದ ತಲೆಗೆ ಮೆಲ್ಲಗೆ ಬಡಿಯಿರಿ. ಆದರೂ ಬಾರದಿದ್ದರೆ ಡೀಸೆಲ್ ಎಲ್ಲ ಒರೆಸಿ, ನಟ್ಟು ಕಾಯಿಸಿ, ಬಿಸಿ ಇರುವಾಗಲೇ ಮೇಣದಬತ್ತಿ ತಾಗಿಸಿ. ಮೇಣ ಕರಗಿ ಎಳೆಯೊಳಗೆ ಇಳಿಯುತ್ತದೆ. ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಪೆಟ್ರೋಲ್ ಟ್ಯಾಂಕು, ಪೈಪಿನ ಹತ್ತಿರ ಬೆಂಕಿ ಬೇಡ.

"ನಮ್ಮ ಊರಾಗ ಗೇಟ್ ಮಾಡೋ ವೆಲ್ಡಿಂಗ್‌ನಾವ್ರು ಅದಾರ. ಅವ್ರ ಕಡೆ ಮಾಡಿಸಿದ್ರ ನಡೀತೈತಾ?"

ನಾನೂ ಹಾಗೇ ಶುರು ಮಾಡಿದೆ, ಕೈ ಸುಟ್ಟುಕೊಂಡೆ. ಗೇಟಿನ ಕಬ್ಬಿಣ ದಪ್ಪ. ಕಾರಿನ ತಗಡು ಹೆಚ್ಚೆಂದರೆ ಒಂದು ಮಿ.ಮೀ. ಆಚೀಚೆ. ಕಡ್ಡಿ ಹಚ್ಚುವ ಆರ್ಕ್ ವೆಲ್ಡಿಂಗ್ ಅದರ ಮೇಲೆ ಇಟ್ಟರೆ ತೂತು. ತೂತು ಮುಚ್ಚಲು ಇನ್ನೊಂದು ಕಡ್ಡಿ, ಅದರ ಪಕ್ಕ ಇನ್ನೊಂದು ತೂತು. ಒಂದು ಮಧ್ಯಾಹ್ನದಲ್ಲಿ ನನ್ನ ಹೊಸ ನೆಲ ಜರಡಿಯಾಗಿತ್ತು.

ತಗಡಿಗೆ ಕಡ್ಡಿಯ ಬದಲು ಸಣ್ಣ ತಂತಿ ಬಳಸುವ ಮಿಗ್ ವೆಲ್ಡಿಂಗ್ ಬೇಕು, 0.6 ಇಲ್ಲವೇ 0.8 ಮಿ.ಮೀ. ತಂತಿ. ಲಾರಿ, ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ಇರುತ್ತದೆ. ರೈಲ್ವೆ ವರ್ಕ್‌ಶಾಪ್‌ನಿಂದ ನಿವೃತ್ತರಾದ ಕೈಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಅಂಥ ಒಬ್ಬ ಕಾಕಾ ನನಗೆ ಕಲಿಸಿದ್ದು ಇಷ್ಟು: ಗೆರೆ ಎಳೆಯಬೇಡ, ಚುಕ್ಕೆ ಇಡು. ಇಲ್ಲೊಂದು ಚುಕ್ಕೆ, ಒಂದು ಗೇಣು ಬಿಟ್ಟು ಇನ್ನೊಂದು, ಆ ತುದಿಗೆ ಮತ್ತೊಂದು. ರಂಗೋಲಿ ಹಾಕುವವರ ಹಾಗೆ ಚುಕ್ಕೆ ಮೊದಲು, ಗೆರೆ ತಾನಾಗಿ ಕೂಡುತ್ತದೆ. ಒಂದೇ ಕಡೆ ಕಾಯಿಸಿದರೆ ತಗಡು ಅಲೆ ಅಲೆಯಾಗಿ ಏಳುತ್ತದೆ.

ಇನ್ನೂ ಒಂದು. ತುಕ್ಕಿನ ಮೇಲೆ ತೇಪೆ ಹಾಕಬೇಡಿ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, ಅಲ್ಲಿಂದ ಹೊಸ ತಗಡು ಕೂಡಿಸಿ. ಕತ್ತರಿಸುವ ಮೊದಲು ಬಾಗಿಲು ಹಾಕಿಟ್ಟು, ಬಾಗಿಲ ಚೌಕಟ್ಟಿಗೆ ಒಳಗಿನಿಂದ ಅಡ್ಡ ಪೈಪು ಕೊಡಿ. ಚಾಸಿಯ ನಾಲ್ಕು ಮೂಲೆಯಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸುಣ್ಣದ ಗುರುತು ಮಾಡಿ, ಕರ್ಣ ಅಳೆಯಿರಿ. ಎರಡೂ ಕರ್ಣ ಸಮ ಇಲ್ಲದಿದ್ದರೆ ಮುಂದಿನ ಕೆಲಸ ವ್ಯರ್ಥ.

## ಬ್ರೇಕು, ಇಂಜಿನ್ನು, ಚಕ್ರ

"ಯಾವ ಇಂಜಿನ್ ಹಾಕೀರಿ? ಎಷ್ಟ್ ಸ್ಪೀಡ್ ಹೋಗತೈತಿ?"

ಎಲ್ಲರೂ ಇದನ್ನೇ ಕೇಳುತ್ತಾರೆ. ನಾನು ಮೊದಲು ಬ್ರೇಕಿನ ಕಥೆ ಹೇಳುತ್ತೇನೆ.

ಗಾಡಿ ಮೊದಲ ಸಲ ಹೊಲದಲ್ಲಿ ಓಡಿದ ದಿನ, ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ನೆಲಕ್ಕೆ ಹೋಯಿತು. ಎದುರಿಗೆ ಹೊಟ್ಟಿನ ಬಣವಿ. ಬಣವಿ ಇದ್ದದ್ದು ಪುಣ್ಯ, ಅದರ ಪಕ್ಕದಲ್ಲಿ ಬಾವಿ. ಹೊಟ್ಟಿನೊಳಗೆ ಹೆಡ್‌ಲೈಟಿನವರೆಗೆ ಹೂತು ನಿಂತಿತು. ಗಾಡಿಗಿಂತ ಮೊದಲು ನಮ್ಮ ಹೊಲದಾಳು ಬಣವಿಯನ್ನೇ ನೋಡಿಕೊಂಡ.

ಆದದ್ದು ಇಷ್ಟು. ಆ ಕಾಲದ ಗಾಡಿಗಳ ಬ್ರೇಕಿಗೆ ಒಂದೇ ಸರ್ಕ್ಯೂಟು. ನಾಲ್ಕು ಚಕ್ರಕ್ಕೂ ಎಣ್ಣೆ ಒಂದೇ ಮಾಸ್ಟರ್ ಸಿಲಿಂಡರಿನಿಂದ, ಒಂದೇ ಕೋಣೆಯಿಂದ. ಹಿಂದಿನ ಒಂದು ಚಕ್ರದ ರಬ್ಬರ್ ವಾಷರ್ ಹರಿದರೆ ನಾಲ್ಕೂ ಚಕ್ರದ ಬ್ರೇಕು ಹೋದಂತೆ. ನಾನು ಇಂಜಿನ್ನಿನ ಹುಮ್ಮಸ್ಸಿನಲ್ಲಿ ಹಳೇ ವಾಷರುಗಳನ್ನು "ಆಮೇಲೆ ನೋಡೋಣ" ಅಂತ ಬಿಟ್ಟಿದ್ದೆ. ಈಗ ಎರಡು ಕೋಣೆಯ ಟ್ಯಾಂಡಮ್ ಸಿಲಿಂಡರ್ ಇದೆ, ಮುಂದಿನದಕ್ಕೆ ಒಂದು, ಹಿಂದಿನದಕ್ಕೆ ಒಂದು. ಅದನ್ನು ಆರಿಸುವಾಗ ಒಳವ್ಯಾಸ ಹಳೆಯದರಷ್ಟೇ ಇರಲಿ. ದೊಡ್ಡದಾದರೆ ಪೆಡಲ್ ಕಲ್ಲಾಗುತ್ತದೆ, ಚಿಕ್ಕದಾದರೆ ಪೆಡಲ್ ತುಂಬ ಕೆಳಗೆ ಇಳಿಯುತ್ತದೆ. ಪೈಪು, ಹೋಸು, ವಾಷರು ಎಲ್ಲ ಹೊಸದು. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಂಜಿನ್ ಮಾರುತಿ ಜಿಪ್ಸಿಯದು, ಕಾರ್ಬ್ಯುರೇಟರ್ ಇರುವ 1298 ಸಿಸಿ, ಸುಮಾರು 60 ಅಶ್ವಶಕ್ತಿ. ಸ್ಪೀಡು ಎಷ್ಟು ಅಂತ ನೋಡುವಷ್ಟು ಉದ್ದದ ದಾರಿ ನಮ್ಮ ಹೊಲದಲ್ಲಿಲ್ಲ.

"ಜಿಪ್ಸಿ ಇಂಜಿನ್ನೇ ಯಾಕೆ? ಮಾರುತಿ 800 ಅಗ್ಗ ಅಲ್ವಾ?"

800ರ ಇಂಜಿನ್ ಅಡ್ಡ ಕೂರುತ್ತದೆ, ಮುಂದಿನ ಚಕ್ರ ತಿರುಗಿಸುತ್ತದೆ. ಹೆರಾಲ್ಡ್‌ಗೆ ಬೇಕಾದದ್ದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವುದು. ಜಿಪ್ಸಿ ಫೋರ್ ವ್ಹೀಲ್ ಡ್ರೈವ್ ಆದರೂ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಚಿಕ್ಕ ಶಾಫ್ಟ್ ಇರುತ್ತದೆ. ಟ್ರಾನ್ಸ್‌ಫರ್ ಕೇಸ್ ಬಿಟ್ಟು, ಗೇರ್‌ಬಾಕ್ಸಿನಿಂದ ನೇರ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಕೊಟ್ಟರೆ ಮುಗಿಯಿತು.

ಆ ಶಾಫ್ಟ್ ಕತ್ತರಿಸಿ ಕೂಡಿಸುವ ಕೆಲಸ ಮಾತ್ರ ಲಾರಿ ಶಾಫ್ಟಿನವರಿಗೇ ಬಿಡಿ. ಎರಡೂ ತುದಿಯ ಕ್ರಾಸ್ ಜಾಯಿಂಟಿನ ಕಿವಿಗಳು ಒಂದೇ ನೇರಕ್ಕೆ ಇರಬೇಕು. ಗೇರ್‌ಬಾಕ್ಸ್ ಎಷ್ಟು ಓರೆಯೋ ಡಿಫರೆನ್ಷಿಯಲ್ ಕೂಡ ಅಷ್ಟೇ ಓರೆ ಇರಬೇಕು. ತಪ್ಪಿದರೆ ಸೀಟಿನ ಕೆಳಗೆ ಗಿರಣಿ ಇಟ್ಟ ಹಾಗೆ ನಡುಗುತ್ತದೆ. ಇಂಜಿನ್ ಕೂರುವ ಬ್ರಾಕೆಟ್ ಮೊದಲು ರಟ್ಟಿನಲ್ಲಿ ಮಾಡಿ ನೋಡಿ, ಆಮೇಲೆ 6 ಮಿ.ಮೀ. ಪ್ಲೇಟಿನಲ್ಲಿ ಕತ್ತರಿಸಿ. ನಾನು ಮದುವೆ ಆಮಂತ್ರಣದ ರಟ್ಟು ಬಳಸಿದೆ, ಚೆನ್ನಾಗಿ ನಿಲ್ಲುತ್ತದೆ.

"ಜೀಪ್ ಇಂಜಿನ್ ಜಾಮ್ ಆಗೈತಿ, ಇಪ್ಪತ್ತ್ ವರ್ಷ ನಿಂತಿದ್ದು. ದೂಡಿ ಸ್ಟಾರ್ಟ್ ಮಾಡ್ಲಾ?"

ದೂಡಿದರೆ ರಿಂಗು ಮುರಿಯುತ್ತದೆ. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ಆಟೊಮ್ಯಾಟಿಕ್ ಗೇರ್ ಎಣ್ಣೆ ಬೆರೆಸಿ ಸುರಿಯಿರಿ. ವಾರ ಬಿಡಿ, ಮತ್ತೆ ಸುರಿಯಿರಿ. ಆಮೇಲೆ ಕ್ರ್ಯಾಂಕ್ ನಟ್ಟಿಗೆ ಪಾನಾ ಹಾಕಿ ಕೈಯಿಂದ ಹಿಂದೆ ಮುಂದೆ ಆಡಿಸಿ. ಗದಗಿನ ಗೆಳೆಯನ ಜೀಪು ಹದಿನೇಳನೇ ದಿನ ಅಲುಗಿತು. ತಿರುಗಿದ ಮೇಲೂ ಅವಸರ ಬೇಡ. ಹಳೇ ಎಣ್ಣೆ ಚೆಲ್ಲಿ, ಚೇಂಬರ್ (ಇಂಜಿನ್ ಕೆಳಗಿನ ಎಣ್ಣೆ ತಟ್ಟೆ) ತೊಳೆದು, ಹೊಸ ಎಣ್ಣೆ ಹಾಕಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ ಎಣ್ಣೆ ಮೇಲೆ ಏರಿದ್ದು ನೋಡಿಕೊಳ್ಳಿ.

"ಈಗಿನ ಪೆಟ್ರೋಲ್ ಹಳೇ ಗಾಡಿಗೆ ಆಗಿ ಬರೋದಿಲ್ಲ ಅಂತಾರಲ್ಲ?"

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಪಾಲು ಎಥೆನಾಲ್. ಅದು ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ನೀರು ಹೀರುತ್ತದೆ. ಪೆಟ್ರೋಲ್ ಹೋಸು, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ವಾಷರು ಎಲ್ಲ ಎಥೆನಾಲ್ ತಡೆಯುವಂಥವು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಿ.

ಟ್ಯಾಂಕು ಸೋರಿದರೆ ವೆಲ್ಡಿಂಗ್ ಮಾತೇ ಬೇಡ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗಿನ ಆವಿ ಸಿಡಿಯುತ್ತದೆ. ಹೊಸದು ಮಾಡಿಸಿ.

"ಹಿಂದ ಅಗಲ ಟೈರ್, ಮುಂದ ಸಣ್ಣ ಟೈರ್. ಬರೇ ಶೋ ಏನ್ರಿ ಅದು?"

ಅರ್ಧ ಶೋ. ಶಕ್ತಿ ನೆಲಕ್ಕಿಳಿಯುವುದು ಹಿಂದಿನ ಚಕ್ರದಿಂದ, ಅದಕ್ಕೇ ಅಲ್ಲಿ ಅಗಲ. ಆದರೆ ಹೆರಾಲ್ಡ್‌ನಲ್ಲಿ ಎರಡು ತೊಡಕು. ಒಂದು, ಚಕ್ರದ ನಾಲ್ಕು ಬೋಲ್ಟು ಕೂರುವ ವೃತ್ತದ ವ್ಯಾಸ 95.25 ಮಿ.ಮೀ. ಇಂದಿನ 100 ಮಿ.ಮೀ. ಚಕ್ರ ಕೂರಿಸಲು ತೂತು ಉಜ್ಜಿ ಅಗಲ ಮಾಡುವ ಮಹಾನುಭಾವರಿದ್ದಾರೆ. ಅವರ ಗಾಡಿಯಲ್ಲಿ ಕೂರಬೇಡಿ. ನಾನು ಮೂಲ ಚಕ್ರದ ನಡುಭಾಗ ಉಳಿಸಿಕೊಂಡು, ಲೇತಿನಲ್ಲಿ ಅಗಲದ ರಿಮ್ ಕೂಡಿಸಿಕೊಂಡೆ.

ಎರಡನೆಯದು ಹಿಂದಿನ ಸ್ವಿಂಗ್ ಆಕ್ಸಲ್, ಅಂದರೆ ಚಕ್ರ ಏರಿಳಿದಾಗ ಅದರ ಜೊತೆ ತಾನೂ ವಾಲುವ ಆಕ್ಸಲ್. ತಿರುವಿನಲ್ಲಿ ಜೋರಾಗಿ ಹೋಗಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಗಾಡಿ ಗರ್ರನೆ ತಿರುಗಿ ನಿಲ್ಲಬಹುದು, ಇಲ್ಲವೇ ಮಗುಚಬಹುದು. 60 ಅಶ್ವಶಕ್ತಿ ಹಾಕಿದ ಮೇಲೆ ಇದು ತಮಾಷೆಯಲ್ಲ. ಹಿಂದಿನ ಅಡ್ಡ ಪಟ್ಟಾ ಸ್ಪ್ರಿಂಗನ್ನು ಸ್ವಲ್ಪ ಇಳಿಸಿ, ನಿಂತಾಗಲೇ ಚಕ್ರದ ತಲೆ ಒಳಗೆ ವಾಲುವಂತೆ ಮಾಡಿದ್ದೇನೆ. ಆದರೂ ತಿರುವಿಗೆ ಮೊದಲೇ ನಿಧಾನ ಮಾಡುತ್ತೇನೆ, ತಿರುವಿನೊಳಗೆ ಅಲ್ಲ.

## ಕೈ ಪಳಗಿದ ಮೇಲೆ

"ಛಾವಣಿ ಕತ್ತರಿಸಿ ಕುಳ್ಳ ಮಾಡೋದು ಹೇಗೆ?"

ಎಲ್ಲ ಕಂಬದಿಂದ ಒಂದೇ ಅಳತೆ ತೆಗೆದರೆ ಆಯಿತು ಅಂದುಕೊಳ್ಳುತ್ತಾರೆ. ಕಂಬಗಳು ನೇರ ಇಲ್ಲ, ಓರೆ. ಮೂರು ಇಂಚು ಇಳಿಸಿದರೆ ಮುಂದಿನ ಕಂಬದ ಮೇಲ್ತುದಿ, ಕೆಳತುದಿ ಎದುರುಬದುರು ಬರುವುದಿಲ್ಲ. ಛಾವಣಿಯನ್ನೇ ಅಡ್ಡ ಕತ್ತರಿಸಿ ಉದ್ದ ಮಾಡಬೇಕಾಗುತ್ತದೆ. ಅದಾದ ಮೇಲೆ ಗಾಜು. ಚಪ್ಪಟೆ ಲ್ಯಾಮಿನೇಟೆಡ್ ಗಾಜನ್ನು ಗಾಜಿನಂಗಡಿಯವರು ಕತ್ತರಿಸಿಕೊಡುತ್ತಾರೆ. ಬಾಗಿದ್ದು ಕಷ್ಟ. ಟಫನ್ ಮಾಡಿದ ಗಾಜು ಕತ್ತರಿಸಲು ಸಾಧ್ಯವೇ ಇಲ್ಲ, ಮುಟ್ಟಿದರೆ ಸಕ್ಕರೆ ಹರಳು. ಹೆರಾಲ್ಡ್‌ನ ಮುಂದಿನ ಗಾಜು ಬಾಗಿದ್ದು, ಹಾಗಾಗಿ ನಾನು ಛಾವಣಿ ಮುಟ್ಟಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ನಾನೂ ಆರಡಿ ಇದ್ದೇನೆ.

"ವೈರಿಂಗ್ ಹಳೇದೇ ಇಟ್ಟು ಹೊಸ ಆಲ್ಟರ್ನೇಟರ್ ಹಾಕಿದೆ. ಹೊಗೆ ಬಂತು. ಯಾಕೆ?"

ಆ ಕಾಲದ ಬಹಳಷ್ಟು ಬ್ರಿಟಿಷ್ ಗಾಡಿಗಳಲ್ಲಿ ಗಾಡಿಯ ಮೈಗೆ (ಅರ್ಥ್) ಜೋಡಿಸುತ್ತಿದ್ದದ್ದು ಬ್ಯಾಟರಿಯ ಪಾಸಿಟಿವ್. ಬ್ಯಾಟರಿ ಚಾರ್ಜ್ ಮಾಡುವ ಇಂದಿನ ಆಲ್ಟರ್ನೇಟರಿಗೆ ನೆಗೆಟಿವ್ ಗಾಡಿಯ ಮೈಗೆ ಜೋಡಿಸಿರಬೇಕು. ಉಲ್ಟಾ ಕೊಟ್ಟರೆ ಅದರೊಳಗಿನ ಡಯೋಡ್ ಕ್ಷಣದಲ್ಲಿ ಸುಡುತ್ತದೆ. ಬದಲಿಸುವಾಗ ಇಗ್ನಿಷನ್ ಕಾಯಿಲ್‌ನ ಎರಡು ತಂತಿ, ಆಮ್ಮೀಟರ್‌ನ ಎರಡು ತಂತಿ ಕೂಡ ಅದಲುಬದಲು ಮಾಡಬೇಕು.

ಆದರೆ ಅರವತ್ತು ವರ್ಷದ ವೈರಿನ ರಬ್ಬರ್ ಮುಟ್ಟಿದರೆ ಉದುರುತ್ತದೆ. ಇಡೀ ವೈರಿಂಗ್ ಹೊಸದು ಮಾಡಿ. ಹಳೆಯದರ ಬಣ್ಣದ ಗುಟ್ಟು ತಿಳಿದಿದ್ದರೆ ಬಿಚ್ಚುವಾಗ ಅನುಕೂಲ: ಕಂದು ಯಾವಾಗಲೂ ಕರೆಂಟ್ ಇರುವುದು, ಬಿಳಿ ಇಗ್ನಿಷನ್ ಕೀಲಿಯಿಂದ ಬಂದದ್ದು, ಹಸಿರು ಅದೇ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟು, ಕಪ್ಪು ಗಾಡಿಯ ಮೈಗೆ ಹೋಗುವುದು. ಬ್ಯಾಟರಿಯನ್ನು ಡಿಕ್ಕಿಗೆ ಒಯ್ದರೆ ದಪ್ಪ ವೈರು ಗಾಡಿಯುದ್ದಕ್ಕೂ ಬರುತ್ತದೆ. ಅದಕ್ಕೆ ಬ್ಯಾಟರಿಯ ಬುಡದಲ್ಲೇ ಒಂದು ದೊಡ್ಡ ಫ್ಯೂಸ್ ಇರಲಿ.

"ಬಣ್ಣ ಯಾವಾಗ ಹೊಡೀಬೇಕ್ರಿ?"

ಡಿಸೆಂಬರ್‌ನಿಂದ ಫೆಬ್ರುವರಿ. ನಾನು ಶ್ರಾವಣದಲ್ಲಿ ಹೊಡೆಸಿದೆ, ಹಬ್ಬಕ್ಕೆ ಮುಗಿಯಲಿ ಅಂತ. ಗಾಳಿಯ ಹಸಿ ಬಣ್ಣದೊಳಗೆ ಸಿಕ್ಕಿಕೊಂಡು ಕಪ್ಪು ಗಾಡಿಯ ಮೇಲೆ ಬಿಳಿ ಮಂಜು ಕೂತಿತು. ಎಲ್ಲ ಉಜ್ಜಿ ಮತ್ತೆ ಮೊದಲಿನಿಂದ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣದ ಆವಿ ಪುಪ್ಪುಸಕ್ಕೆ ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಹಳೇ ಬಣ್ಣದಲ್ಲಿ ಸೀಸ ಇರುವುದುಂಟು, ಅದನ್ನು ಒಣಗಿಸಿ ಉಜ್ಜಬೇಡಿ, ನೀರು ಹಾಕಿ ಉಜ್ಜಿ.

ಕೆಲವರು ತುಕ್ಕಿನ ಬಣ್ಣವನ್ನೇ ಚಂದ ಅಂತ ಬಿಡುತ್ತಾರೆ. ಬಿಡುವುದಾದರೆ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆಯಿರಿ. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಚಂದವೂ ಇರುವುದಿಲ್ಲ, ತಗಡೂ ಇರುವುದಿಲ್ಲ.

"ನೋಡಾಕ ಬರಬಹುದೇನ್ರಿ ಕಾಕಾ?"

ಬನ್ನಿ, ಭಾನುವಾರ ಹನ್ನೊಂದರ ಮೇಲೆ. ಈಗ ಗಾಡಿ ಸ್ಟ್ಯಾಂಡಿನ ಮೇಲಿದೆ. ಹಿಂದಿನ ಎಡ ಚಕ್ರದ ಡ್ರಮ್ಮಿನಿಂದ ಮತ್ತೆ ಎಣ್ಣೆ ಜಿನುಗುತ್ತಿದೆ, ವಾಷರ್ ಬದಲಿಸಬೇಕು. ಬ್ರೇಕಿನ ಗಾಳಿ ತೆಗೆಯುವಾಗ ಪೆಡಲ್ ಒತ್ತಲು ಒಬ್ಬರು ಬೇಕು. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ.